ಓದದ ಡಬ್ಬಿ

ಗೋಧಿ ಪೂರ್ತಿ ಬಿಟ್ಟು ವರ್ಷವಾದರೂ ಮಗಳ ಹೊಟ್ಟೆನೋವು ನಿಂತಿರಲಿಲ್ಲ. ಗೋಧಿಯ ಒಂದು ಕಣವೂ ಅವಳ ಕರುಳಿಗೆ ಆಗದು. ಡಾಕ್ಟರರನ್ನು ಕಂಡು ಬರುವಾಗ, ಅವಳು ಹಪ್ಪಳ ಅದ್ದಿ ತಿನ್ನಲೆಂದು ಮೂಡುಬಿದಿರೆಯ ಅಂಗಡಿಯೊಂದರಲ್ಲಿ ಡಿಪ್ ಹುಡುಕುತ್ತಿದ್ದೆ. ಲೇಬಲ್ ಓದಿ ಓದಿ ಕೆಳಗಿಡುವುದನ್ನು ನೋಡಿ ಅಂಗಡಿಯವರು, "ಅದೆಲ್ಲ ಬೇಡ ಅಕ್ಕ, ಇದು ನನ್ನ ಹೆಂಡತಿ ಮಾಡಿದ ಟೊಮೆಟೊ ಚಟ್ನಿ. ಗೋಧಿ, ಮೈದಾ ಎಂತದೂ ಇಲ್ಲ" ಎಂದರು.

ಅದನ್ನೇ ಕೊಂಡು ತಂದೆ. ತಿಂದ ಮರುದಿನ ಮಗಳು ಹೊಟ್ಟೆ ಹಿಡಿದು ಮುದುಡಿ ಮಲಗಿದಳು. ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಅಂಗಡಿಯವರಿಗೆ ಬಾಯಿಗೆ ಬಂದಂತೆ ಬೈದೆ.

"ದೇವರಾಣೆ ಅಕ್ಕ, ಉಪ್ಪು, ಮೆಣಸು, ಹಿಂಗು ಬಿಟ್ಟರೆ ಬೇರೆಂತ ಹಾಕ್ಲಿಲ್ಲ."

"ಒಂದೊಂದರ ಲೇಬಲ್ಲೂ ಓದಿ" ಎಂದು ಗದರಿಸಿದೆ.

ಆಚೆಯಿಂದ ಡಬ್ಬಿಗಳನ್ನು ತೆಗೆದಿಡುವ ಸದ್ದು ಕೇಳಿತು. "ಹಿಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಅಂತ ಉಂಟಲ್ಲ ಅಕ್ಕ!"

ನಮ್ಮ ಒಲೆಯ ಪಕ್ಕವೂ ಹಿಂಗಿನ ಡಬ್ಬಿ ಇತ್ತು. ದಿನಾ ಅವಳ ಸಾರಿಗೆ ಹಾಕುತ್ತಿದ್ದೆ. ಮೊದಲ ಸಲ ತಿರುಗಿಸಿ ಓದಿದೆ. ಅಂಗಡಿಯವರು ಇನ್ನೂ ಕ್ಷಮೆ ಕೇಳುತ್ತಲೇ ಇದ್ದರು.