ದೂರಿದಷ್ಟೂ ಬೆಲೆ ಏರಿದ ಕಾರು

ಹಳೆಯ ಕಾರು ಕೊಳ್ಳಲು ಹೊರಟ ಹೆಂಗಸರಿಗೆ ನಾನು ಮೊದಲು ಹೇಳುವ ಬುದ್ಧಿಮಾತು, ಗಂಡನನ್ನು ಮನೆಯಲ್ಲಿ ಬಿಟ್ಟು ಹೋಗಿ ಎಂಬುದು. ಎಂಜಿನ್ ಕೇಳುವುದು, ಟೈರು ನೋಡುವುದು, ಅಡಿಯಲ್ಲಿ ಎಣ್ಣೆ ಸೋರಿದೆಯೇ ಎಂದು ಬಗ್ಗುವುದು, ಇವೆಲ್ಲ ಆಮೇಲಿನ ಮಾತು.

ಎಂಬತ್ತರ ದಶಕದಲ್ಲಿ ನಾವು ಅಮೆರಿಕದ ಸನ್ನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ಎಂಜಿನಿಯರು. ನಾನು ಮನೆಯಲ್ಲೇ ಅಡಿಗೆ ಮಾಡಿ ನಮ್ಮ ಕಡೆಯ ಬ್ರಹ್ಮಚಾರಿ ಹುಡುಗರಿಗೆ ಊಟದ ಡಬ್ಬಿ ಕೊಡುತ್ತಿದ್ದೆ. ಯಾರೂ ಕಲಿಸಿದ ವ್ಯಾಪಾರವಲ್ಲ. ಚೌಕಾಶಿಯನ್ನು ಮಾತ್ರ ಹಾಸನದಲ್ಲಿ ಅಮ್ಮನಿಂದ ಕಲಿತಿದ್ದೆ. ಅವಳು ಎರಡು ಹಳೆ ಸೀರೆ, ಅಪ್ಪನದೊಂದು ಪ್ಯಾಂಟು ಕೊಟ್ಟು, ಸ್ಟೀಲ್ ಪಾತ್ರೆಯವನಿಂದ ಮುಚ್ಚಳದ ಡಬ್ಬಿ ಇಳಿಸಿಕೊಂಡು, ಮೇಲೊಂದು ಲೋಟವನ್ನೂ ಕೀಳುತ್ತಿದ್ದಳು. ಅವಳ ಕ್ರಮ ಸರಳ. ಬೇಕಾದ ವಸ್ತುವಿನ ಕಡೆ ಆಸೆಯಿಂದ ನೋಡಬಾರದು. ಅದರಲ್ಲಿ ಎಷ್ಟು ಕೊರೆ ಹುಡುಕಲು ಸಾಧ್ಯವೋ ಅಷ್ಟನ್ನೂ ಅವನ ಮುಖಕ್ಕೇ ಹೇಳಬೇಕು. ಆಗಲೂ ಇಳಿಯದಿದ್ದರೆ ಎದ್ದು ಹೊರಟುಬಿಡಬೇಕು. ಹತ್ತು ಹೆಜ್ಜೆಯೊಳಗೆ ಅವನೇ ಕರೆಯುತ್ತಾನೆ.

ಒಂದು ಸೋಮವಾರ, ನಮ್ಮಿಂದ ಗಂಟೆ ದಾರಿ ದೂರದ ಸ್ಯಾನ್ ರಮೋನ್‌ನಿಂದ ಫೋನು ಬಂತು. ಮೈಸೂರಿನ ಕಡೆಯವರು, ಸೊಸೆಯ ಸೀಮಂತ, ಶನಿವಾರ ಎಂಬತ್ತು ಜನಕ್ಕೆ ಊಟ. ಅಲ್ಲಿಯವರೆಗೆ ನಾನು ಒಮ್ಮೆಗೆ ಹದಿನೈದು ಜನಕ್ಕಿಂತ ಹೆಚ್ಚು ಮಾಡಿದವಳಲ್ಲ. ಆದರೂ ದಿನಾ ಮಾಡುವವಳಂತೆ ಒಪ್ಪಿಕೊಂಡೆ.

“ಹನ್ನೊಂದೂವರೆಗೆಲ್ಲಾ ಊಟ ಇಲ್ಲಿರ್ಬೇಕು ನೋಡಿ,” ಎಂದರು ಆ ಮನೆಯಾಕೆ. “ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇರೆಯವ್ರು ಒಬ್ರು ಇದಾರೆ.”

“ಆಗತ್ತೆ,” ಎಂದೆ.

ಆಗದಿರುವುದಕ್ಕೆ ಇದ್ದ ಕಾರಣ ಒಂದೇ, ನಮ್ಮ ಕಾರು. ಎರಡು ಬಾಗಿಲಿನ ಪುಟ್ಟ ಗಾಡಿ. ಹಿಂದಿನ ತಿಂಗಳು ಅದರಲ್ಲಿ ಒಂದೇ ಒಂದು ತಪ್ಪಲೆ ಸಾರು ಒಯ್ಯುವಾಗ ಫ್ರೀವೇಯಲ್ಲಿ ಯಾರೋ ಅಡ್ಡ ಬಂದು, ಇವರು ಬ್ರೇಕ್ ಒತ್ತಿ, ಸಾರು ಪೂರ್ತಿ ಸೀಟಿನಡಿ ಸೇರಿತ್ತು. ಇವರ ಜೊತೆ ಅದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದ ಇಬ್ಬರು ಅಮೆರಿಕನ್ನರು ಮೂರು ವಾರ ಚಳಿಯಲ್ಲೂ ಕಿಟಕಿ ಇಳಿಸಿಕೊಂಡೇ ಕೂತಿದ್ದರು. ಇಂಗಿನ ವಾಸನೆ ಒಮ್ಮೆ ಸೇರಿದರೆ ಬಿಡುವಂಥದ್ದಲ್ಲ. ಎಂಬತ್ತು ಜನರ ಸಾರು, ಬಿಸಿಬೇಳೆಬಾತು, ಪಾಯಸ, ಮೊಸರನ್ನ ಅದರಲ್ಲಿ ಹೋಗುವ ಮಾತೇ ಇರಲಿಲ್ಲ. ಶನಿವಾರದೊಳಗೆ ದೊಡ್ಡ ಗಾಡಿ ಸಿಗದಿದ್ದರೆ ಆ ಊಟ ಕೈತಪ್ಪುತ್ತಿತ್ತು. ಅದರ ಹಿಂದೆ ಆ ಕಡೆಯ ಮನೆಗಳೆಲ್ಲ ಕೈತಪ್ಪುತ್ತಿದ್ದವು.

ಗ್ರೋಸರಿ ಅಂಗಡಿಯ ಬೋರ್ಡಿಗೆ ಯಾರೋ ಒಂದು ಕಾರ್ಡು ಚುಚ್ಚಿದ್ದರು. ಐವತ್ತರ ದಶಕದ, ಹಿಂದೆ ಸಾಮಾನಿಗೆ ಉದ್ದ ಜಾಗವಿರುವ ಸ್ಟೇಷನ್ ವ್ಯಾಗನ್, ಒಬ್ಬರೇ ಮಾಲೀಕರು, ಓಡುತ್ತದೆ. ಕೆಳಗೆ ಬೆಲೆ. ಮನೆ ನಮ್ಮಿಂದ ನಾಲ್ಕು ಬೀದಿ ಆಚೆ. ಗುರುವಾರ ಸಂಜೆ ನಡೆದೇ ಹೊರಟೆವು. ದಾರಿಯುದ್ದಕ್ಕೂ ಇವರಿಗೆ ಪಾಠ ಹೇಳಿದೆ.

“ರೀ, ಅಲ್ಲಿ ನೀವು ಬಾಯಿ ಬಿಡ್ಬೇಡಿ. ಕೈ ಹಿಂದೆ ಕಟ್ಕೊಂಡು ನಿಂತ್ಕೊಳಿ. ನಾನು ಏನಂದ್ರೂ ತಲೆ ಅಲ್ಲಾಡ್ಸಿ, ಮುಖ ಸಿಂಡರಿಸಿ.”

“ಗಾಡಿ ಚೆನ್ನಾಗಿದ್ರೆ?”

“ಆಗ ಇನ್ನೂ ಜಾಸ್ತಿ ಸಿಂಡರಿಸಿ.”

ಮನೆಯ ಮುಂದೆ ಎಪ್ಪತ್ತೈದರ ಆಸುಪಾಸಿನ ಒಬ್ಬ ಅಜ್ಜ ಕಾರಿಗೆ ನೀರು ಬಿಡುತ್ತಿದ್ದರು. ಮೂವತ್ತು ವರ್ಷ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವರು, ಹೆಂಡತಿ ತೀರಿಕೊಂಡಿದ್ದರು, ಈಗ ಫಾಸ್ಟರ್ ಸಿಟಿಯಲ್ಲಿ ಮಗಳ ಮನೆಗೆ ಹೋಗಲಿದ್ದರು. ಅಲ್ಲಿ ಕಾರು ನಿಲ್ಲಿಸಲು ಇದ್ದದ್ದು ಒಂದೇ ಜಾಗ, ಅದರಲ್ಲಿ ಮಗಳ ಕಾರಿತ್ತು. ಇಷ್ಟನ್ನೂ ಅವರು ನಾನು ಕೇಳುವ ಮೊದಲೇ ಹೇಳಿಬಿಟ್ಟರು. ತನ್ನ ಅವಸರದ ಗುಟ್ಟನ್ನು ತಾನೇ ಬಿಟ್ಟುಕೊಡುವ ಇಂಥ ಮಾರಾಟಗಾರ ಸಿಕ್ಕನಲ್ಲ ಎಂದು ಒಳಗೇ ಹಿಗ್ಗಿದೆ. (ಅವರು ಆಡಿದ್ದು ಇಂಗ್ಲಿಷು. ಇಲ್ಲಿ ನನ್ನ ಕನ್ನಡದಲ್ಲಿ ಆಡಿಸುತ್ತಿದ್ದೇನೆ.)

ಕಾರು ಹೆಸರುಬೇಳೆ ಪಾಯಸದ ಬಣ್ಣದ್ದು. ಪಕ್ಕಗಳಿಗೆ ಮರದ ಹಲಗೆ, ಮುಂದೆ ಫಳಫಳ ಕ್ರೋಮು, ಉದ್ದ ನಮ್ಮ ಅಡಿಗೆಮನೆಗಿಂತ ಹೆಚ್ಚು. ಹಿಂದಿನ ಬಾಗಿಲು ತೆರೆದಾಗ ಕೈ ಮರೆಮಾಡಿಕೊಂಡು ಗೇಣು ಹಾಕಿದೆ. ನಾಲ್ಕು ತಪ್ಪಲೆ ಸಾಲಾಗಿ ಕೂತು, ಮೇಲೆ ಹಪ್ಪಳದ ಡಬ್ಬಕ್ಕೂ ಜಾಗ ಉಳಿಯುತ್ತಿತ್ತು. ಮುಖದಲ್ಲಿ ಏನೂ ತೋರಿಸಲಿಲ್ಲ.

ಅಷ್ಟರಲ್ಲಿ ಇವರು ಕಟ್ಟಿದ ಕೈ ಬಿಚ್ಚಿ, ಸ್ಟೀರಿಂಗಿನ ಹಿಂದೆ ಹೋಗಿ ಕೂತಾಗಿತ್ತು.

“ನೋಡೇ, ಗೇರು ಸ್ಟೀರಿಂಗಲ್ಲೇ ಇದೆ. ನಮ್ಮ ಬೀದಿ ಡಾಕ್ಟ್ರ ಹತ್ರ ಥೇಟ್ ಇಂಥದ್ದೇ ಇತ್ತು ಕಣೆ. ನಾವೆಲ್ಲ ಸ್ಕೂಲಿಗೆ ಹೋಗ್ತಾ ಮುಟ್ಟಿ ಮುಟ್ಟಿ ಬೈಸ್ಕೊಂಡಿದ್ದೀವಿ.”

“ಇಳೀರಿ ಕೆಳಗೆ.”

“ಈಗ ಯಾರೂ ಬೈಯಲ್ವಲ್ಲ.”

“ನಾನಿದೀನಿ.”

ಇವರನ್ನು ಇಳಿಸಿ ಕೆಲಸಕ್ಕೆ ತೊಡಗಿದೆ. ಬಲಗಡೆಯ ತಗ್ಗಿನ ಮೇಲೆ ಬೆರಳಿಟ್ಟು, ಇಷ್ಟು ದೊಡ್ಡ ಪೆಟ್ಟು ಬಿದ್ದ ಗಾಡಿಯನ್ನು ಯಾರು ತಗೊಳ್ತಾರೆ ಎಂದೆ. ಅಜ್ಜನ ಮುಖ ಇಳಿಯಬೇಕಿತ್ತು. ಅರಳಿತು.

“ಕಣ್ಣಿಗೆ ಬಿತ್ತಾ ನಿಮಗೆ? ಅದು ನನ್ನ ಹೆಂಡತಿ ಡ್ರೈವಿಂಗ್ ಕಲಿತ ಮೊದಲ ದಿನದ್ದು. ಆಗ ಈ ಬೀದಿಯೆಲ್ಲ ಏಪ್ರಿಕಾಟ್ ಹಣ್ಣಿನ ತೋಟ. ಬಿಟ್ಟಿದ್ದು ಇಷ್ಟಗಲ ದಾರಿ. ಅವಳು ದಾರಿ ಬಿಟ್ಟು ಮರಕ್ಕೇ ಹೋದಳು. ಮರ ಆ ವರ್ಷವೇ ಒಣಗಿತು, ಕಾರಿಗೆ ಏನೂ ಆಗಲಿಲ್ಲ.”

ಕಿಟಕಿಯ ಗಾಜಿನ ಅಂಚು ಮುಕ್ಕಾಗಿದೆಯಲ್ಲ ಎಂದೆ. ಅದಕ್ಕೂ ಕತೆಯಿತ್ತು. ಆ ಕಾಲದಲ್ಲಿ ಬಯಲಿನಲ್ಲಿ ಕಾರು ಸಾಲಾಗಿ ನಿಲ್ಲಿಸಿ, ಒಳಗೇ ಕೂತು ಸಿನಿಮಾ ನೋಡುತ್ತಿದ್ದರಂತೆ. ಮಾತು ಕೇಳಿಸಲು ಒಂದು ಸ್ಪೀಕರನ್ನು ಕಿಟಕಿಗೆ ಸಿಕ್ಕಿಸಿಕೊಳ್ಳಬೇಕು. ಮಕ್ಕಳು ಹಿಂದೆ ಪೈಜಾಮದಲ್ಲಿ ಮಲಗಿರುತ್ತಿದ್ದರು. ಒಂದು ದಿನ ಸಿನಿಮಾ ಮುಗಿದ ಮೇಲೆ ಅಜ್ಜ ಸ್ಪೀಕರ್ ತೆಗೆಯುವುದನ್ನು ಮರೆತು ಹೊರಟರು. ತಂತಿ ಕಿತ್ತುಕೊಂಡು ಸ್ಪೀಕರು ಮನೆಗೇ ಬಂತು.

“ವಾಪಸ್ ಕೊಟ್ರಾ?” ಎಂದು ಇವರು ಕೇಳಿದರು.

“ನಾಚಿಕೆಯಾಗಿ ಎರಡು ವರ್ಷ ಆ ಕಡೆ ಸಿನಿಮಾಕ್ಕೇ ಹೋಗಲಿಲ್ಲ,” ಎಂದು ಅಜ್ಜ ನಕ್ಕರು.

ಸೀಟಿನ ಕಲೆ ಎಂದೆ. ಹಾಲಿನವನು ಬಾಗಿಲಿಗೆ ಗಾಜಿನ ಬಾಟಲಿ ಇಟ್ಟುಹೋಗುತ್ತಿದ್ದ ಕಾಲ, ಖಾಲಿ ಎಂದುಕೊಂಡು ತುಂಬಿದ್ದನ್ನೇ ಕಾರಿಗೆ ಎತ್ತಿಟ್ಟು ಸೀಟಿಗೆಲ್ಲ ಚೆಲ್ಲಿಕೊಂಡಿದ್ದರು. ಒಳಗೆ ಏನೋ ವಾಸನೆ ಎಂದೆ. ಇಪ್ಪತ್ತು ಬೇಸಿಗೆಯ ಹಣ್ಣು ಹೊತ್ತ ಗಾಡಿ, ಮೂಸಿ ನೋಡಿ, ಈಗಲೂ ಏಪ್ರಿಕಾಟೇ, ಎಂದರು. ಮಧ್ಯೆ ಕುರ್ಚಿ ಬಂತು, ನಿಂಬೆ ಪಾನಕ ಬಂತು. ಇವರು ಲೋಟ ಹಿಡಿದು, ಇನ್ನೊಂದು ಕೊರೆ ಹುಡುಕು ಎನ್ನುವಂತೆ ನನ್ನನ್ನೇ ನೋಡುತ್ತಿದ್ದರು.

ಏಳನೆಯ ಕೊರೆಯ ಹೊತ್ತಿಗೆ ಅಜ್ಜ ಕುರ್ಚಿ ಬಿಟ್ಟು ಎದ್ದರು. ಸೋತರು ಎಂದುಕೊಂಡೆ. ಅವರು ಕಾರನ್ನು ಸುತ್ತು ಹಾಕಿ ಬಂದು ಹೇಳಿದರು, “ನಿಮ್ಮ ಜೊತೆ ಮಾತಾಡಿದ ಮೇಲೆ ಅನ್ನಿಸ್ತಾ ಇದೆ ಮ್ಯಾಮ್, ನಾನು ಬೆಲೆ ಕಡಿಮೆ ಬರೆದುಬಿಟ್ಟೆ. ಇನ್ನೊಂದು ಐವತ್ತು ಡಾಲರ್ ಸೇರಿಸಬೇಕಿತ್ತು.”

ನನ್ನ ಜೀವಮಾನದಲ್ಲಿ ವಸ್ತುವನ್ನು ದೂರಿ ಬೆಲೆ ಏರಿಸಿದ್ದು ಅದೊಂದೇ ಸಲ.

ಇನ್ನು ಉಳಿದದ್ದು ಹೊರಟುಹೋಗುವುದು. “ನಮಗೆ ಬೇಡ ಬಿಡಿ,” ಎಂದು ಎದ್ದೆ. ಕೈಚೀಲವನ್ನು ಬೇಕೆಂದೇ ಕುರ್ಚಿಯ ಮೇಲೆ ಬಿಟ್ಟೆ, ಮರಳಿ ಬರಲು ಒಂದು ನೆಪ ಇರಲೆಂದು. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಹತ್ತು ಹೆಜ್ಜೆ ಎಣಿಸಿದೆ. ಇಪ್ಪತ್ತಾಯಿತು. ತಿರುಗಿ ನೋಡಿದರೆ ಅಜ್ಜ ಕೈ ಬೀಸುತ್ತಿದ್ದರು. “ಬಂದದ್ದು ಸಂತೋಷ. ಹುಷಾರಾಗಿ ಹೋಗಿ.” ಈ ದೇಶದಲ್ಲಿ ಹೊರಟವರನ್ನು ನಿಜವಾಗಿಯೂ ಹೊರಟರು ಎಂದೇ ತಿಳಿಯುತ್ತಾರೆ.

ಬೀದಿಯ ಮೂಲೆಯಲ್ಲಿ ನಿಂತೆವು.

“ಕರೀತಾರಾ?”

“ಕರೀತಾರೆ. ಸುಮ್ನಿರಿ.”

“ಮತ್ತೆ ನೀರು ಬಿಡಕ್ಕೆ ಶುರು ಮಾಡಿದ್ರಲ್ಲೇ.”

“ನಾಟಕ ಅದು.”

“ನಂಗ್ಯಾಕೋ ನಾಟಕ ಆಡ್ತಿರೋರು ನಾವೇ ಅನ್ನಿಸ್ತಿದೆ.”

ಆಗ ಮನೆಯ ಮುಂದೆ ಒಂದು ಥಳಥಳಿಸುವ ಕಾರು ಬಂದು ನಿಂತಿತು. ಬಿಳಿ ಬೂಟಿನ ಒಬ್ಬಾತ ಇಳಿದು, ಅಜ್ಜನ ಕಾರಿನ ಮುಂದೆ ನಿಂತು ಎರಡೂ ಕೈ ಎತ್ತಿದ. ಅಷ್ಟು ದೂರದಿಂದಲೂ ಹೊಗಳುತ್ತಿದ್ದಾನೆಂದು ತಿಳಿಯುತ್ತಿತ್ತು. ಶನಿವಾರದ ನಾಲ್ಕು ತಪ್ಪಲೆಗಳು ನನ್ನ ಕಣ್ಣ ಮುಂದೆ ಉರುಳಿಹೋದವು. “ನನ್ನ ಚೀಲ,” ಎಂದು ಓಡಿದೆ.

ಆತ ಹಳೆಯ ಕಾರು ಸಂಗ್ರಹಿಸುವವನು. ಕಾರ್ಡಿನಲ್ಲಿದ್ದ ಬೆಲೆಗಿಂತ ಇನ್ನೂರು ಡಾಲರ್ ಹೆಚ್ಚು ಕೊಡುತ್ತೇನೆನ್ನುತ್ತಿದ್ದ. ತಗ್ಗು ತೆಗೆಸುತ್ತಾನಂತೆ, ಗಾಜು, ಸೀಟು ಹೊಸದು, ವಾಸನೆ ಒಂದು ವಾರದಲ್ಲಿ ಮಾಯ. ಕಾರ್ಖಾನೆಯಿಂದ ಈಗ ತಾನೇ ಇಳಿದಂತೆ ಮಾಡಿ, ಪ್ರದರ್ಶನಗಳಿಗೆ ಟ್ರೇಲರಿನ ಮೇಲೇರಿಸಿ ಒಯ್ಯುತ್ತಾನಂತೆ.

“ಓಡಿಸುವವರು ಯಾರು?” ಎಂದು ಅಜ್ಜ ಕೇಳಿದರು.

“ಅಯ್ಯೋ, ಇದನ್ನು ಓಡಿಸುತ್ತಾರೆಯೇ?”

ಅಜ್ಜ ನನ್ನ ಕಡೆ ತಿರುಗಿದರು. “ನೀವು ತಗೊಂಡಿದ್ರೆ ಏನು ಮಾಡ್ತಿದ್ರಿ?”

ಕೊಳ್ಳುವವರು ತಮ್ಮ ಅಗತ್ಯವನ್ನು ಎಂದೂ ಹೇಳಬಾರದು. ಯೋಚಿಸಿ ಉತ್ತರ ಕೊಡಲು ಉಸಿರು ತೆಗೆದುಕೊಳ್ಳುವಷ್ಟರಲ್ಲಿ, ಹಿಂದೆ ಏದುಸಿರು ಬಿಡುತ್ತಾ ಬಂದ ಇವರು ಎಲ್ಲವನ್ನೂ ಸುರಿದುಬಿಟ್ಟರು. ಶನಿವಾರ, ಎಂಬತ್ತು ಜನ, ಸ್ಯಾನ್ ರಮೋನ್, ಬಸುರಿ ಹುಡುಗಿ, ಸಾರು ಚೆಲ್ಲಿದ ಪುಟ್ಟ ಕಾರು, ಕಿಟಕಿ ಇಳಿಸಿಕೊಂಡು ಕೂತ ಅಮೆರಿಕನ್ನರು. ಅಷ್ಟೂ ಮುಗಿದ ಮೇಲೆ, “ನಮಗೆ ಇದು ಬೇಕೇ ಬೇಕು,” ಎಂದೂ ಸೇರಿಸಿದರು. ಚಿವುಟಲು ಕೈ ನೀಡಿದೆ, ಸಿಗಲಿಲ್ಲ.

“ಸಾರು ಇದರಲ್ಲಿ ಚೆಲ್ಲೋದಿಲ್ವಾ?” ಅಜ್ಜನ ಪ್ರಶ್ನೆ ನನಗೆ.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. “ಚೆಲ್ಲತ್ತೆ,” ಎಂದೆ. “ಸ್ವಲ್ಪನಾದ್ರೂ ಚೆಲ್ದೇ ಇರಲ್ಲ.”

ಅಜ್ಜ ಬಿಳಿ ಬೂಟಿನವನ ಕೈ ಕುಲುಕಿ ಕಳಿಸಿಬಿಟ್ಟರು. ಕಾರು ನಮ್ಮದಾಗಿತ್ತು. ಆದರೂ ಅಭ್ಯಾಸಬಲ ನೋಡಿ, ಆಮೇಲೆ ಸೇರಿಸಿದ ಐವತ್ತನ್ನು ಬಿಡಬೇಕು ಎಂದು ಪಟ್ಟು ಹಿಡಿದೆ. ಬಿಟ್ಟರು. ಮುಂದೆ ಎಷ್ಟೋ ವರ್ಷ ನಾನು ಎಲ್ಲರ ಮನೆಯಲ್ಲೂ ಆ ಕಾರಿಗೆ ಐವತ್ತು ಡಾಲರ್ ಇಳಿಸಿದೆ ಎಂದೇ ಹೇಳಿಕೊಂಡೆ. ಇವರು ಒಮ್ಮೆಯೂ ತಿದ್ದಲಿಲ್ಲ. ಅದೊಂದು ಅವರ ದೊಡ್ಡ ಗುಣ.

ಶುಕ್ರವಾರ ಕಾಗದಪತ್ರ ಮುಗಿಯಿತು. ಇವರು ಗೇರು ಕಲಿತರು, ನಾನು ತರಕಾರಿ ಹೆಚ್ಚಿದೆ. ತಪ್ಪಲೆಗಳನ್ನು ಹೇಗೆ ಕಟ್ಟುತ್ತೀರಿ ಎಂದು ಅಜ್ಜ ಕೇಳಿದ್ದರು. ಹಗ್ಗ ಎಂದಿದ್ದೆ. ಡಬ್ಬಿ ಕಾರ್ಖಾನೆಯ ಮನುಷ್ಯನಿಗೆ ಅದು ಸರಿಬರಲಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಹಣ್ಣಿನ ಮರದ ಪೆಟ್ಟಿಗೆಗಳು, ಎರಡು ಹಳೆ ಕಂಬಳಿ ಹೊತ್ತುಕೊಂಡು ನಮ್ಮ ಬಾಗಿಲಿಗೇ ಬಂದರು. ಒಂದೊಂದು ತಪ್ಪಲೆಯ ಸುತ್ತಲೂ ಪೆಟ್ಟಿಗೆ ಜೋಡಿಸಿ, ಸಂದಿಗೆ ಕಂಬಳಿ ತುರುಕಿ, ಅಲ್ಲಾಡಿಸಿ ನೋಡಿದರು. ಸಾರಿನದು ಮಾತ್ರ ಒಪ್ಪಿಗೆಯಾಗಲಿಲ್ಲ.

“ಇದನ್ನು ಒಬ್ಬರು ಹಿಡಿದುಕೊಳ್ಳಬೇಕು,” ಎಂದು ಹಿಂದೆ ಹತ್ತಿ ಕೂತೇಬಿಟ್ಟರು. ಬಾಗಿಲು ಹಾಕುವಾಗ ಹೇಳಿದರು, “ಇಷ್ಟು ವರ್ಷದಲ್ಲಿ ನಾನು ಇದರ ಹಿಂದೆ ಕೂತಿದ್ದೇ ಇಲ್ಲ.”

ಆರುನೂರ ಎಂಬತ್ತರ ಫ್ರೀವೇಯಲ್ಲಿ ಇವರು ರಾಜನ ಹಾಗೆ ಓಡಿಸಿದರು. ಪಕ್ಕದ ಕಾರುಗಳವರು ಹಾರ್ನ್ ಮಾಡಿ ಹೆಬ್ಬೆರಳು ಎತ್ತುತ್ತಿದ್ದರು. ನೋಡಿದವರಿಗೆ ಕಂಡದ್ದು ಹಳೆಯ ಕಾಲದ ಒಂದು ಸುಂದರ ಕಾರು, ಅದರ ಹಿಂದಿನ ಗಾಜಿನಲ್ಲಿ ತಪ್ಪಲೆ ತಬ್ಬಿಕೊಂಡು ಕೂತ ಒಬ್ಬ ಬಿಳಿಯ ಅಜ್ಜ. ಪ್ರತಿ ತಿರುವಿಗೂ ಅವರು ಹಿಂದಿನಿಂದ, “ನಿಧಾನ, ಸಾರು ಎಡಕ್ಕೆ ಹೋಗ್ತಾ ಇದೆ,” ಎಂದು ಕೂಗುತ್ತಿದ್ದರು.

ಹನ್ನೊಂದು ಇಪ್ಪತ್ತಕ್ಕೆ ತಲುಪಿದೆವು. ಎರಡು ಸೌಟಿನಷ್ಟು ಸಾರು ಅಜ್ಜನ ಮೊಣಕಾಲಿನ ಮೇಲಿತ್ತು, ಉಳಿದದ್ದು ತಪ್ಪಲೆಯಲ್ಲಿತ್ತು. ಮನೆಯಾಕೆ ಬಾಗಿಲಲ್ಲಿ ನಿಂತು ಮೊದಲು ಗಡಿಯಾರ, ಆಮೇಲೆ ಅಜ್ಜನನ್ನು ನೋಡಿದರು.

“ಇವರ್ಯಾರು?”

“ಗಾಡಿ ಜೊತೆ ಬಂದ್ರು,” ಎಂದೆ.

“ಎಂಬತ್ತಕ್ಕೆ ಹೇಳಿದ್ದು, ಎಂಬತ್ತೊಂದಾಯ್ತಲ್ಲ.”

“ಅವರದ್ದು ಲೆಕ್ಕಕ್ಕಿಲ್ಲ, ನನ್ನ ಕಡೆಯವರು.”

ಅಜ್ಜ ಹೆಂಗಸರ ಸಾಲಿನ ಕೊನೆಗೆ ಕೂತು ಬಿಸಿಬೇಳೆಬಾತನ್ನು ಮೂರು ಸಲ ಹಾಕಿಸಿಕೊಂಡರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಬಸುರಿ ಹುಡುಗಿ ತಾನೇ ಎದ್ದು ಅವರಿಗೆ ಮೊಸರನ್ನ ಬಡಿಸಿದಳು. ಹೊರಡುವ ಹೊತ್ತಿಗೆ ಇಬ್ಬರು ನನ್ನನ್ನು ಪಕ್ಕಕ್ಕೆ ಕರೆದು ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಬಿಡುವಿದೆಯೇ ಎಂದು ವಿಚಾರಿಸಿದರು.

ಅಜ್ಜನ ಊಟಕ್ಕೆ ನಾನು ಏನೂ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ಖಾಲಿ ತಪ್ಪಲೆಗಳನ್ನೆಲ್ಲ ಮಹಡಿಯವರೆಗೆ ಅವರ ಕೈಲೇ ಹೊರಿಸಿದೆ, ಅಷ್ಟೇ. ಕೊನೆಯದನ್ನು ಇಳಿಸಿ ಅವರು ಬಾಗಿಲಲ್ಲೇ ನಿಂತರು.

“ನಾಮಕರಣ ಯಾವತ್ತು?” ಎಂದರು.

“ಇನ್ನೂ ಮಗು ಹುಟ್ಟಬೇಕು.”

“ಫಾಸ್ಟರ್ ಸಿಟಿ ಏನೂ ದೂರ ಅಲ್ಲ,” ಎಂದು ಮಗಳ ಮನೆಯ ಫೋನ್ ನಂಬರನ್ನು ನಮ್ಮ ಕ್ಯಾಲೆಂಡರಿನ ಮೇಲೆ ಬರೆದು ಹೋದರು.