ಭದ್ರಮ್ಮನವರ ಕಣ್ಣುಬೇನೆ

ದೇಶಕ್ಕೆ ಎಮರ್ಜೆನ್ಸಿ ಬರುವುದಕ್ಕೆ ಮೊದಲೇ ಉಪ್ಪಾರಹಳ್ಳಿಯ ವಠಾರಕ್ಕೆ ಒಡತಿ ಭದ್ರಮ್ಮನವರಿದ್ದರು, ಅಂಗಳದಲ್ಲಿ ಕಾಗೆ ಕೂತರೂ "ಇದೇನ್ ಛತ್ರಾನಾ?" ಎಂದು ಗದರುವರು. ಅಂಥವರು ಚರಂಡಿಯಿಂದೆತ್ತಿದ, ಕೀವುಗಟ್ಟಿ ಕಣ್ಮುಚ್ಚಿದ ಬೆಕ್ಕಿನ ಮರಿಯನ್ನು ಸೆರಗಿನಲ್ಲಿ ಅಡಗಿಸಿಕೊಂಡು, ಕಣ್ಣುಬೇನೆಗೆ ಎದೆಹಾಲೇ ಮದ್ದೆಂದು ನಂಬಿ, ದಿನವೂ ಬಾಣಂತಿ ಪುಟ್ಟತಾಯಮ್ಮನ ಬಾಗಿಲಿಗೆ ಕೂಸಿಗೆ ಹಾಲುಣಿಸುವ ಒಳಲೆ ಹಿಡಿದು ಬರುತ್ತಿದ್ದರು. "ಎರಡು ತೊಟ್ಟು ಕೊಡವ್ವ, ನನ್ ಕಣ್ಣು ಉರೀತದೆ." "ನಿಮ್ ಕಣ್ಣು ಮಿಯಾಂವ್ ಅಂತದಲ್ಲ ಅಜ್ಜಿ!" ಎಂದು ನಗುತ್ತಲೇ ಆಕೆ ಕೊಡುವಳು. ಬಳಿಕ ಭದ್ರಮ್ಮನವರು ದೇವರ ಮುಂದೆ ಕುಳಿತು, ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಕೀವೊರೆಸಿ, ಶಿವನಾಮದೊಡನೆ ತೊಟ್ಟು ಬಿಡುತ್ತ, "ಕಣ್ ಬುಡು ಮಗ, ಒಂದ್ಸಲ ನನ್ ಮುಖ ನೋಡು" ಎನ್ನುವರು. ಮರಿ ನೋಡಲಿಲ್ಲ, ಒಂದು ಮುಂಜಾನೆ ಮಡಿಲಲ್ಲಿಯೇ ತಣ್ಣಗಾಯಿತು. ಮರುದಿನವೂ ಭದ್ರಮ್ಮನವರು ಒಳಲೆ ಹಿಡಿದು ಬಂದು ನಿಂತಾಗ ಪುಟ್ಟತಾಯಮ್ಮ ನಗಲಿಲ್ಲ. ಸೆರಗು ಬರಿದಾಗಿತ್ತು; ಕಣ್ಣೆರಡೂ ಕೆಂಡವಾಗಿದ್ದವು. "ಇವತ್ತು ನಿಜವಾಗ್ಲೂ ನಂಗೇ ಕಣವ್ವ" ಎಂದರು.