ಡಾಂಬರಿನ ಮೇಲಿನ ಬಂಡಿ

"ಸರ, ಈ ಬಂಡಿ ಹೊಡ್ಯಾಂವಗ ಬುದ್ಧಿ ಇಲ್ಲೇನ್ರಿ?" ಅಂತ ಬಸ್ ಡ್ರೈವರ್ ಕೇಳಿದಾಗ ನನಗೆ ಸಿಟ್ಟೇ ಬಂತು.

ಎಂಬತ್ತರ ದಶಕ. ನರೋಣಾದ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾನು, ಕೀಲಿ ಕೊಟ್ಟರೆ ಓಡುವ ಪುಟ್ಟ ರೈಲಿನ ಮಾದರಿಯನ್ನು ಹಲಗೆ ಸಮೇತ ಆಳಂದದ ವಿಜ್ಞಾನ ಪ್ರದರ್ಶನಕ್ಕೆ ಒಯ್ಯಲು ಬಸ್ಸಿನ ಬಾನೆಟ್ ಮೇಲೆ ಇಟ್ಟಿದ್ದೆ. ಹಳಿಯ ಪಕ್ಕದಲ್ಲೇ, ಇದ್ದಿಲ ಪುಡಿಯನ್ನು ಗೋಂದಿನಲ್ಲಿ ಕಲಸಿ ಡಾಂಬರು ರಸ್ತೆ ಮಾಡಿ, ಅದರ ಮೇಲೊಂದು ಎತ್ತಿನ ಬಂಡಿ ಅಂಟಿಸಿದ್ದೆ.

"ಯಾಕ್ರಿ, ರಸ್ತಾದ ಮ್ಯಾಲೇ ಹೊಂಟೈತಲ್ಲ?" ಅಂದೆ.

"ಅದಕ್ಕ ಕೇಳಿದ್ನಿರಿ. ಈ ಬಿಸಲಾಗ ಡಾಂಬರ್ ಮ್ಯಾಲ ಎತ್ತಿನ ಕಾಲು ಸುಡಂಗಿಲ್ಲೇನು? ದಿನಾ ನೋಡ್ತೇನಿ, ಎಲ್ಲಾರೂ ಬಾಜೂಕಿನ ಮಣ್ಣಾಗ ಹೊಡೀತಾರ."

ಬಸ್ಸು ಹೊರಡುವ ಮೊದಲು ಕುಡಿಯುತ್ತಿದ್ದ ಚಾ ಅರ್ಧಕ್ಕೇ ಬಿಟ್ಟು ಡ್ರೈವರ್ ಕೆಳಗಿಳಿದರು. ಒಂದು ಹಿಡಿ ಎರೆಮಣ್ಣು ನೆನೆಸಿ ತಂದು ರಸ್ತೆಯ ಅಂಚಿಗೆ ಮೆತ್ತಿದರು. ಬೆರಳಿನಿಂದ ಎರಡು ಗಾಲಿಜಾಡು ಎಳೆದು, ಬಂಡಿಯನ್ನು ಕಿತ್ತು ಅದರೊಳಗೆ ಇಳಿಸಿದರು. ಕಂಡಕ್ಟರ್ ಸೀಟಿ ಊದುತ್ತಲೇ ಇದ್ದ.

ಆಳಂದದಲ್ಲಿ ಜನ "ಏ, ಇದು ನಮ್ಮೂರ ರಸ್ತಾನ ಐತಿ!" ಅಂತ ಮುಗಿಬಿದ್ದರು. ಬಹುಮಾನವೂ ಬಂತು. ಹೆಸರು ಗೊತ್ತಿಲ್ಲದ ಆ ಡ್ರೈವರನ್ನು ಇಂದಿಗೂ ನೆನೆಯುತ್ತೇನೆ.

ನನ್ನ ರೈಲು ಮಾತ್ರ ದಿನವಿಡೀ ಸುತ್ತಿತು. ಯಾವ ಊರಿಗೆ ಹೊಂಟೈತಿ ಅಂತ ಒಬ್ಬರೂ ಕೇಳಲಿಲ್ಲ.